ತಮ್ಮನ ಕಣ್ಣು ಕೇಳಿದರು, ಮೆದುಳು ಯಾರೂ ಕೇಳಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ತೀರಿಕೊಂಡ ತಾಯಿಯ ಕಣ್ಣು ದಾನ ಮಾಡಿದ ಮಕ್ಕಳ ಬಗ್ಗೆ. ಓದಿ ಖುಷಿಯಾಯಿತು. ಆದರೆ ಎರಡು ವರ್ಷದಿಂದ ಎದೆಯಲ್ಲಿ ಕೂತಿದ್ದ ಮಾತು ಮತ್ತೆ ಮೇಲೆ ಬಂತು, ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿಸದೆ ಹಾಕಿದರೆ ಉಪಕಾರ.

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಹಳ್ಳಿ. ದ್ರಾಕ್ಷಿ ಪಡ, ಅಂದರೆ ತೋಟ, ಇದೆ. ನಾನು 27 ವರ್ಷದಿಂದ ಅಂಗನವಾಡಿ ಕಾರ್ಯಕರ್ತೆ. ನನ್ನ ತಮ್ಮನಿಗೆ 22ನೇ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಶುರುವಾಯಿತು. ಪಡದಲ್ಲಿ ಒಬ್ಬನೇ ನೀರು ಬಿಡುತ್ತಿದ್ದಾಗಲೂ ಯಾರೋ ತನ್ನ ಹೆಸರು ಹಿಡಿದು ಬೈಯುತ್ತಿದ್ದಾರೆ ಅನ್ನುತ್ತಿದ್ದ. ಮೊದಮೊದಲು ನಾವೂ ಗಾಳಿ ಸೋಂಕು ಅಂದುಕೊಂಡೆವು. ತಾಯತ ಕಟ್ಟಿಸಿದೆವು, ಅಮಾವಾಸ್ಯೆಗೆ ಗುಡಿಗೆ ಕರೆದುಕೊಂಡು ಹೋದೆವು. ಎರಡು ವರ್ಷ ಹಾಗೇ ಹೋಯಿತು. ನಮ್ಮ ಕಡೆ ಇಂಥವರನ್ನು ನೋಡಿದರೆ ಜನ "ಧಾರವಾಡಕ್ಕ ಕಳಸ್ರಿ" ಅನ್ನುತ್ತಾರೆ. ಅಲ್ಲಿಯ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು, ಈಗ ಅದು ಡಿಮ್ಹಾನ್ಸ್. ಎಷ್ಟೋ ಜನರ ಬದುಕು ಉಳಿಸಿದ ಜಾಗ. ಆದರೆ ಆ ಊರಿನ ಹೆಸರನ್ನೇ ನಾವು ಬೈಗುಳ ಮಾಡಿಕೊಂಡಿದ್ದೇವೆ.

ಔಷಧಿ ಶುರುವಾದ ಮೇಲೆ ತಮ್ಮ ಎಷ್ಟೋ ಸುಧಾರಿಸಿದ. ಧ್ವನಿಗಳು ಪೂರ್ತಿ ಹೋಗಲಿಲ್ಲ, ದೂರ ಸರಿದವು. ಕೆಲಸ ಮಾಡುತ್ತಿದ್ದ, ಮಕ್ಕಳನ್ನು ಎತ್ತಿಕೊಂಡು ಓಡಾಡುತ್ತಿದ್ದ. ಗುಳಿಗೆಯಿಂದ ಕೈ ಬಿಗಿಯುತ್ತಿತ್ತು. ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಸಮಯದಲ್ಲಿ ಕತ್ತರಿ ಹಿಡಿದ ಬೆರಳು ಹಾಗೇ ನಿಂತುಬಿಡುತ್ತಿದ್ದವು, ಇನ್ನೊಂದು ಕೈಯಿಂದ ಒಂದೊಂದೇ ಬೆರಳು ಬಿಡಿಸಿಕೊಳ್ಳುತ್ತಿದ್ದ. ಆದರೂ ಗುಳಿಗೆ ಬಿಡಲಿಲ್ಲ.

ಒಂದು ಸಲ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿದ್ದೆವು. ಅಲ್ಲಿ ಮೆದುಳಿನ ಮ್ಯೂಸಿಯಂ ಇದೆ, ನಮ್ಮಂಥ ಜನರಿಗೂ ತೋರಿಸುತ್ತಾರೆ. ಗಾಜಿನ ಡಬ್ಬಿಗಳಲ್ಲಿ ಸಾಲಾಗಿ ಇಟ್ಟಿದ್ದರು. ಪಾರ್ಶ್ವವಾಯು ಆದವರದು, ಗಡ್ಡೆ ಬೆಳೆದಿದ್ದು, ಅಪಘಾತದಲ್ಲಿ ಪೆಟ್ಟು ಬಿದ್ದಿದ್ದು. ಕೊನೆಗೆ ಕೈಗೆ ಗ್ಲೌಸ್ ಹಾಕಿಸಿ ನಿಜವಾದ ಮೆದುಳನ್ನೇ ಹಿಡಿಯಲು ಕೊಟ್ಟರು. ನಾನು ಹಿಂದೆ ಸರಿದೆ. ತಮ್ಮ ಎರಡೂ ಕೈ ಒಡ್ಡಿದ. ಸುಮಾರು ಒಂದು ಕಿಲೋ ಮುನ್ನೂರು ನಾನೂರು ಗ್ರಾಂ ತೂಗುತ್ತದಂತೆ, ಔಷಧಿ ನೀರಲ್ಲಿದ್ದು ಗಟ್ಟಿಯಾಗಿತ್ತು, ಬಣ್ಣ ಬೂದಿ ಹಳದಿ. ಅವನು ಅದನ್ನು ಬಹಳ ಹೊತ್ತು ನೋಡಿದ. "ಯಕ್ಕಾ, ನಂದೂ ಇಷ್ಟ ಇರ್ತೈತೇನ?" ಅಂದ. ಹೊರಗೆ ಬಂದು ಚಹಾ ಕುಡಿಯುವಾಗ ಮತ್ತೆ ಅದೇ ಮಾತು. "ನಾ ಸತ್ತಮ್ಯಾಲೆ ನಂದು ಇವರಿಗೇ ಕೊಟ್ಟುಬಿಡು. ಒಳಗ ಏನು ಕೆಟ್ಟೈತಿ ನೋಡ್ಲಿ. ನಿನಗೂ ಗೊತ್ತಾಗ್ಲಿ, ನಾ ಸುಳ್ಳು ಹೇಳಿಲ್ಲ ಅಂತ."

ಆ ಕೊನೇ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಎರಡು ವರ್ಷದ ಹಿಂದೆ ಒಂದು ರಾತ್ರಿ ಎದೆನೋವು ಅಂದ. ಆಸ್ಪತ್ರೆ ಮುಟ್ಟಿಸಿದೆವು, ಬೆಳಗಿನ ಜಾವ ಹೋಗಿಬಿಟ್ಟ. ವಯಸ್ಸು 46. ದೊಡ್ಡ ಮಾನಸಿಕ ಕಾಯಿಲೆ ಇರುವವರು ಬೇರೆಯವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ, ಜಾಸ್ತಿ ಜನ ಸಾಯುವುದು ಹೃದಯದಂಥ ದೇಹದ ಕಾಯಿಲೆಗಳಿಂದಲೇ. ಡ್ಯೂಟಿಯಲ್ಲಿದ್ದ ಹುಡುಗ ಒಳ್ಳೆಯವನು, ಕಣ್ಣು ಕೊಡುತ್ತೀರಾ ಎಂದು ತಾನಾಗಿ ಕೇಳಿದ. ಕೊಡುತ್ತೇವೆ ಅಂದೆವು. ಆಮೇಲೆ ನಾನು, "ಅವನ ಮೆದುಳನ್ನೂ ಕೊಡಬೇಕ್ರಿ, ಅವನೇ ಹೇಳಿದ್ದ" ಅಂದೆ. ಆ ಹುಡುಗ ಗಾಬರಿಯಾಗಿ ನನ್ನ ಮುಖ ನೋಡಿದ. "ಮೆದುಳು ಯಾರಿಗೆ ಹಾಕ್ತಾರ್ರಿ ಅಕ್ಕಾರ?" ಅಂದ. ದೊಡ್ಡ ಡಾಕ್ಟರಿಗೆ ಫೋನ್ ಮಾಡಿದ. ಅವರಿಗೂ ಯಾರನ್ನು ಕೇಳಬೇಕು ಅನ್ನೋದು ಗೊತ್ತಾಗಲಿಲ್ಲ. ನನ್ನ ಹತ್ತಿರವೂ ನಂಬರ್ ಇರಲಿಲ್ಲ. ಅಂದು ಮ್ಯೂಸಿಯಂನಲ್ಲಿ ಬರೆದುಕೊಂಡು ಬರಬೇಕಿತ್ತು, ಬರಲಿಲ್ಲ. ಮಧ್ಯಾಹ್ನ ಊರಿಗೆ ತಂದೆವು, ಸಂಜೆ ಹೊಲದಲ್ಲಿ ಮಣ್ಣು ಮಾಡಿದೆವು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಆ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಅವನು ಕೇಳಿದ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ, ಯಾಕಂದರೆ ಜಾಸ್ತಿ ಜನ ಅದನ್ನೇ ಕೇಳುತ್ತಾರೆ. ಮೆದುಳನ್ನು ಇನ್ನೊಬ್ಬರಿಗೆ ಜೋಡಿಸುವುದಿಲ್ಲ. ಅದು ಅಧ್ಯಯನಕ್ಕೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಇಂಥ ಬ್ಯಾಂಕುಗಳಲ್ಲಿ ತೆಗೆದ ಮೆದುಳಿನ ಒಂದು ಭಾಗವನ್ನು ಕೆಡದಂತೆ ಫಾರ್ಮಾಲಿನ್ ಅನ್ನುವ ಔಷಧಿ ನೀರಿನಲ್ಲಿ ಇಡುತ್ತಾರೆ, ಇನ್ನೊಂದು ಭಾಗವನ್ನು ಹೋಳು ಮಾಡಿ ಮೈನಸ್ 80 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸುತ್ತಾರೆ. ಎಚ್‌ಐವಿ, ಕಾಮಾಲೆಯ ವೈರಸ್ ಇದೆಯಾ ಎಂದು ಪರೀಕ್ಷೆ ಮಾಡುತ್ತಾರೆ. ಆಮೇಲೆ ಸಂಶೋಧನೆ ಮಾಡುವವರು ಕೇಳಿದಾಗ, ಸಮಿತಿ ಒಪ್ಪಿದರೆ, ಸಣ್ಣ ಸಣ್ಣ ತುಂಡು ಕೊಡುತ್ತಾರೆ. ಅದರ ಮೇಲೆ ಹೆಸರು ಇರುವುದಿಲ್ಲ, ಸಂಕೇತ ಮಾತ್ರ. ಹೃದಯ, ಕಿಡ್ನಿ ದಾನದಂತೆ ಮೆದುಳು ಸತ್ತು ಹೃದಯ ಬಡಿಯುತ್ತಿರಬೇಕು ಅನ್ನುವ ನಿಯಮ ಇಲ್ಲಿಲ್ಲ. ಮನೆಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲರಿಗೂ ಬರುವ ಸಾವೇ ಸಾಕು. ಆದರೆ ತಡ ಮಾಡುವಂತಿಲ್ಲ. ಎಷ್ಟು ಬೇಗ ತೆಗೆದು ತಂಪಿನಲ್ಲಿಟ್ಟರೆ ಅಷ್ಟು ಒಳ್ಳೆಯದು, ಒಂದು ದಿನ ದಾಟಿದರೆ ಬಹಳಷ್ಟು ಪರೀಕ್ಷೆಗೆ ಬರುವುದಿಲ್ಲ.

ಸರಿ, ಸತ್ತವರ ಮೆದುಳು ನೋಡಿ ಏನು ಸಿಗುತ್ತದೆ? ನಮ್ಮ ಮನೆಯಲ್ಲೂ ಈ ಮಾತು ಬಂತು. ಸಕ್ಕರೆ ಕಾಯಿಲೆಗೆ ರಕ್ತ ನೋಡುತ್ತಾರೆ, ಟಿಬಿಗೆ ಕಫ ನೋಡುತ್ತಾರೆ. ಸ್ಕಿಜೋಫ್ರೇನಿಯಾಕ್ಕೆ ಅಂಥ ಪರೀಕ್ಷೆ ಇವತ್ತಿಗೂ ಇಲ್ಲ. ಡಾಕ್ಟರು ಮಾತಾಡಿಸಿ, ಮನೆಯವರನ್ನು ಕೇಳಿ ತೀರ್ಮಾನ ಮಾಡುತ್ತಾರೆ. ಒಂದು ಗುಳಿಗೆ ಹಿಡಿಸದಿದ್ದರೆ ಇನ್ನೊಂದು. ಸ್ಕ್ಯಾನ್‌ನಲ್ಲಿ ಸಣ್ಣ ಬದಲಾವಣೆ ಕಾಣುತ್ತದೆ, ಆದರೆ ನೂರಾರು ಜನರದ್ದು ಒಟ್ಟಿಗೆ ಲೆಕ್ಕ ಹಾಕಿದರೆ ಮಾತ್ರ. ಒಬ್ಬ ಮನುಷ್ಯನ ಸ್ಕ್ಯಾನ್ ಹಿಡಿದು ಇವನಿಗೆ ಇದೇ ಕಾಯಿಲೆ ಎಂದು ಹೇಳಲು ಆಗುವುದಿಲ್ಲ. ಜೀವಂತ ಮನುಷ್ಯನ ಮೆದುಳಿನ ಚೂರು ಸುಮ್ನೆ ಕತ್ತರಿಸಿ ನೋಡಲು ಬರುವುದಿಲ್ಲ. ಇಲಿ ತನಗೆ ಯಾರದ್ದೋ ಧ್ವನಿ ಕೇಳಿಸಿತು ಎಂದು ಹೇಳುವುದಿಲ್ಲ. ಉಳಿಯುವುದು ಸತ್ತವರು ಕೊಟ್ಟು ಹೋಗಿದ್ದೇ ಅಲ್ವಾ?

ಹೀಗೆ ಕೊಟ್ಟಿದ್ದರಿಂದ ಔಷಧಿ ಬಂದಿದ್ದೂ ಇದೆ. ನಡುಕದ ಕಾಯಿಲೆ, ಪಾರ್ಕಿನ್ಸನ್, ಎಲ್ಲರಿಗೂ ಗೊತ್ತು. ಆ ಕಾಯಿಲೆಯಿಂದ ಸತ್ತವರ ಮೆದುಳನ್ನು ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ ಹೊರ್ನಿಕಿವಿಚ್ ಮತ್ತು ಎಹ್ರಿಂಗರ್ ಎಂಬ ಇಬ್ಬರು ಪರೀಕ್ಷೆ ಮಾಡಿದರು. ಒಂದು ಜಾಗದಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಬಹಳ ಕಡಿಮೆ ಇತ್ತು. ಅದನ್ನು 1960ರಲ್ಲಿ ಪ್ರಕಟಿಸಿದರು. ಮರುವರ್ಷವೇ ದೇಹದಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾವನ್ನು ರೋಗಿಗಳಿಗೆ ಕೊಟ್ಟರು, ಎದ್ದು ಕೂರಲಾಗದವರು ಎದ್ದು ನಡೆದರು. ಇವತ್ತು ನಮ್ಮೂರ ಮೆಡಿಕಲ್ ಶಾಪ್‌ನಲ್ಲಿ ಅಜ್ಜಂದಿರು ಚೀಟಿ ತೋರಿಸಿ ತೆಗೆದುಕೊಳ್ಳುವ ಗುಳಿಗೆಯಲ್ಲಿ ಇರುವುದು ಅದೇ.

ಸ್ಕಿಜೋಫ್ರೇನಿಯಾ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣ್ಣಿಗೆ ಹೊಡೆಯುವಂಥ ಗುರುತು ಏನೂ ಸಿಗುತ್ತಿರಲಿಲ್ಲ, ಎಷ್ಟೋ ಜನ ಹುಡುಕಿ ಕೈಬಿಟ್ಟರು. ಆಮೇಲೆ ದಾನಿಗಳ ಮೆದುಳಿನಲ್ಲೇ ಒಂದು ಸಂಗತಿ ಕಂಡಿತು. ಹಣೆಯ ಹಿಂದಿನ ಭಾಗದ ನರಕೋಶಗಳು ಒಂದಕ್ಕೊಂದು ಕೂಡಿಕೊಳ್ಳುವ ಸಣ್ಣ ಮೊಳಕೆಗಳು ಈ ಕಾಯಿಲೆ ಇದ್ದವರಲ್ಲಿ ಕಡಿಮೆ ಇದ್ದವು. ಯಾಕೆ ಕಡಿಮೆ ಅನ್ನುವುದಕ್ಕೆ ಒಂದು ದಾರಿ 2016ರಲ್ಲಿ ಸಿಕ್ಕಿತು. ಅಮೆರಿಕದ ಹಾರ್ವರ್ಡ್ ಮತ್ತು ಬ್ರಾಡ್ ಸಂಸ್ಥೆಯವರು ಕಾಯಿಲೆ ಇದ್ದವರು ಇಲ್ಲದವರು ಸೇರಿ ಸುಮಾರು 65,000 ಜನರ ಡಿಎನ್ಎ ಹೋಲಿಸಿದರು, ಜೊತೆಗೆ ಸುಮಾರು 700 ದಾನಿ ಮೆದುಳಿನ ಮಾದರಿಗಳನ್ನು ನೋಡಿದರು. ಸಿ4 ಎಂಬ ಜೀನ್‌ನ ಕೆಲವು ರೂಪ ಇದ್ದವರ ಮೆದುಳಿನಲ್ಲಿ ಅದು ಜಾಸ್ತಿ ಕೆಲಸ ಮಾಡುತ್ತಿತ್ತು, ಅಂಥವರಿಗೆ ಕಾಯಿಲೆಯ ಸಾಧ್ಯತೆಯೂ ಜಾಸ್ತಿ ಇತ್ತು. ನರಕೋಶಗಳ ನಡುವಿನ ಬೇಡವಾದ ಕೊಂಡಿಗಳನ್ನು ಕತ್ತರಿಸಿ ಹಾಕುವ ಕೆಲಸದಲ್ಲಿ ಇದಕ್ಕೆ ಪಾಲಿದೆ ಎಂದು ಇಲಿಗಳಲ್ಲಿ ಕಂಡುಕೊಂಡರು.

ಇದನ್ನು ನರ್ಸಿಂಗ್ ಓದುತ್ತಿರುವ ನನ್ನ ಮಗಳು ವಿವರಿಸಿದಾಗ ನಮ್ಮ ಯಜಮಾನರು ಥಟ್ಟನೆ, "ಅಂದ್ರ ಚಾಟ್ನಿ ಜಾಸ್ತಿ ಆಗೈತಿ" ಅಂದರು. ಅದೇ ಸರಿಯಾದ ಮಾತು. ದ್ರಾಕ್ಷಿ ಬೆಳೆಯುವವರಿಗೆ ಬೇರೆ ವಿವರಣೆ ಬೇಡ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಬಳ್ಳಿಗೆ ಚಾಟ್ನಿ ಮಾಡಲೇಬೇಕು, ಮಾಡದಿದ್ದರೆ ಬರೀ ಎಲೆ. ಆದರೆ ಕಡ್ಡಿಯಲ್ಲಿ ಎಷ್ಟು ಕಣ್ಣು, ಅಂದರೆ ಚಿಗುರುವ ಮೊಗ್ಗು, ಬಿಡಬೇಕು ಅನ್ನೋದರಲ್ಲಿ ತಪ್ಪಿದರೆ ಆ ವರ್ಷದ ಬೆಳೆಯೇ ಹೋಯಿತು. ಹರೆಯದಲ್ಲಿ ಎಲ್ಲರ ಮೆದುಳೂ ಹೀಗೇ ತನ್ನ ಹೆಚ್ಚಿನ ಕೊಂಡಿಗಳನ್ನು ಕತ್ತರಿಸಿಕೊಳ್ಳುತ್ತದೆ. ಕಾಯಿಲೆ ಶುರುವಾಗುವುದೂ ಹೆಚ್ಚಾಗಿ ಆ ಹರೆಯ ಮುಗಿಯುವ ಹೊತ್ತಿನಲ್ಲೇ, ನನ್ನ ತಮ್ಮನಿಗೆ ಆದಂತೆ. ಇದೊಂದೇ ಕಾರಣ ಎಂದು ಯಾರೂ ಹೇಳಿಲ್ಲ, ಕಾಯಿಲೆಗೆ ಕೂಡುವ ಜೀನ್‌ಗಳು ನೂರಾರು ಇವೆ. ಆದರೂ ಯೋಚಿಸಿ. ಅಕ್ಟೋಬರ್ ಚಾಟ್ನಿಗೆ ಮುಂಚೆ ನಮ್ಮ ರೈತರು ಕಡ್ಡಿ ಕತ್ತರಿಸಿ ಲ್ಯಾಬ್‌ಗೆ ಒಯ್ದು, ಕಣ್ಣು ಸೀಳಿಸಿ, ಒಳಗೆ ಗೊಂಚಲು ಕೂತಿದೆಯೋ ಇಲ್ಲವೋ ನೋಡಿಸುತ್ತಾರೆ. ಒಂದು ದ್ರಾಕ್ಷಿ ಕಡ್ಡಿಗೆ ಇಷ್ಟು ಮಾಡುವವರು ನಾವು, ಮನುಷ್ಯನ ಮೆದುಳನ್ನು ನೋಡದೆ ಅವನ ಕಾಯಿಲೆಗೆ ಔಷಧಿ ಬರಲಿ ಅಂದರೆ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ ಇದೆ, ಇದನ್ನು ನಾನೂ ತಡವಾಗಿ ತಿಳಿದೆ. ಕಾಯಿಲೆ ಇದ್ದವರ ಮೆದುಳು ಮಾತ್ರ ಸಾಲುವುದಿಲ್ಲ. ಯಾವ ಕಾಯಿಲೆಯೂ ಇಲ್ಲದವರದ್ದೂ ಬೇಕು. ಹೋಲಿಸಿ ನೋಡಬೇಕಲ್ಲ. ಬ್ಯಾಂಕುಗಳಿಗೆ ಯಾವಾಗಲೂ ಕೊರತೆ ಬೀಳುವುದು ಇವರದ್ದೇ. ಅದರಲ್ಲೂ ಜಗತ್ತಿನ ಇಂಥ ಅಧ್ಯಯನಗಳಲ್ಲಿ ಜಾಸ್ತಿ ಇರುವುದು ಯುರೋಪ್ ಮೂಲದವರದ್ದು. ನಮ್ಮ ಜನರ ಮೆದುಳು ನೋಡದೆ ನಮ್ಮ ಕಾಯಿಲೆ ಹೇಗೆ ಅರ್ಥವಾಗಬೇಕು? ಹಾಗಾಗಿ ಇದು ನಮ್ಮಂಥ ಮನೆಗಳ ಪಾಡು, ನಮಗ್ಯಾಕೆ ಅಂದುಕೊಳ್ಳಬೇಡಿ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ನೂರಕ್ಕೆ 10.6 ಜನರಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಯಾವ ಓಣಿಯಲ್ಲಿ ಇಲ್ಲ ಹೇಳಿ.

ಮುಖ ಕೆಡುತ್ತದೆ, ಮಣ್ಣು ಮಾಡಲು ಆಗುವುದಿಲ್ಲ ಎನ್ನುವ ಹೆದರಿಕೆ ಜನರಿಗೆ ಇರುತ್ತದೆ. ಕೆಡುವುದಿಲ್ಲ. ತಲೆಯ ಹಿಂಭಾಗದಿಂದ, ಕೂದಲಿನ ಕೆಳಗೆ ಕೊಯ್ದು, ತೆಗೆದ ಮೇಲೆ ಮತ್ತೆ ಹೊಲಿಯುತ್ತಾರೆ. ಮುಖ ಹಾಗೇ ಇರುತ್ತದೆ. ನಮ್ಮಲ್ಲಿ ಹೆಣಕ್ಕೆ ವಿಭೂತಿ ಹಚ್ಚಿ, ರುಮಾಲು ಸುತ್ತಿ, ವಿಮಾನ ಅನ್ನುವ ಹೆಣದ ಪಲ್ಲಕ್ಕಿಯಲ್ಲಿ ಕೂರಿಸಿ ಭಜನೆ ಮಾಡುತ್ತ ಒಯ್ಯುತ್ತೇವೆ, ರುಮಾಲು ಸುತ್ತಿದರೆ ಹೊಲಿಗೆ ಯಾರಿಗೂ ಕಾಣುವುದಿಲ್ಲ. ದೇಹ ಮನೆಯವರಿಗೇ ವಾಪಸ್ ಬರುತ್ತದೆ, ಸುಡುವವರು ಸುಡಬಹುದು, ಹೂಳುವವರು ಹೂಳಬಹುದು.

ಧರ್ಮ ಒಪ್ಪುತ್ತದಾ ಅನ್ನುವವರಿಗೆ ನಾನು ವಿಜಯಪುರದವಳಾಗಿ ಒಂದೇ ನೆನಪು ಮಾಡುತ್ತೇನೆ. ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮೀಜಿ 2014ರಲ್ಲೇ ಬರೆದಿಟ್ಟಿದ್ದರು, ತಮ್ಮ ದೇಹವನ್ನು ರೂಢಿಯಂತೆ ಹೂಳಬಾರದು, ಸುಡಬೇಕು, ಸ್ಮಾರಕ ಕಟ್ಟಬಾರದು ಎಂದು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಾಂತರ ಜನ ಸೇರಿದ್ದರು, ನಾನೂ ಇದ್ದೆ. ಅವರು ಬರೆದಂತೆಯೇ ನಡೆಯಿತು. ಯಾರೂ ಎದುರು ಮಾತಾಡಲಿಲ್ಲ, ಯಾಕಂದರೆ ಅವರೇ ಬರೆದಿದ್ದರು. ಪಕ್ಕದ ಬೆಳಗಾವಿಯಲ್ಲಿ 2010ರಲ್ಲಿ ಬೈಲಹೊಂಗಲದ ಡಾ. ಮಹಾಂತೇಶ ರಾಮಣ್ಣವರ ಅವರು, ದೇಹದಾನ ಮಾಡಿದ್ದ ತಮ್ಮ ತಂದೆಯ ದೇಹವನ್ನು ತಂದೆಯ ಆಸೆಯಂತೆ ತಾವೇ ವಿದ್ಯಾರ್ಥಿಗಳ ಮುಂದೆ ಕೊಯ್ದು ಪಾಠ ಮಾಡಿದರು. ಮಗನಾಗಿ ಆ ಕೈ ಹೇಗೆ ಓಡಿತೋ, ನೆನೆದರೆ ಕಣ್ಣು ತುಂಬುತ್ತದೆ. ಇಂಥ ಜನ ಇರುವ ನಾಡಿನಲ್ಲಿ ಮೆದುಳು ಕೊಡುವವರು ಸಿಗುವುದಿಲ್ಲವೇ? ಸಿಗುತ್ತಾರೆ. ಕೇಳುವವರು ಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಜಿಲ್ಲೆಗೊಂದು ಮೆದುಳು ಬ್ಯಾಂಕ್ ಕಟ್ಟಿ ಎಂದು ಹೇಳುತ್ತಿಲ್ಲ. ಅದನ್ನು ಕಾಯುವುದು ಕಷ್ಟ. ಅಮೆರಿಕದ ಬೋಸ್ಟನ್ ಹತ್ತಿರದ ಹಾರ್ವರ್ಡ್ ಬ್ಯಾಂಕಿನಲ್ಲೇ 2012ರಲ್ಲಿ ಒಂದು ಫ್ರೀಜರ್ ಕೆಟ್ಟು ಸುಮಾರು 150 ಮೆದುಳಿಗೆ ಹಾನಿಯಾಯಿತು, ಅದರಲ್ಲಿ ಆಟಿಸಂ ಇದ್ದವರದ್ದು 50ಕ್ಕಿಂತ ಜಾಸ್ತಿ. ನಮ್ಮ ಕಡೆ ಕರೆಂಟ್ ಹೋಗುವುದನ್ನು ನೆನೆಸಿಕೊಂಡರೆ ಬ್ಯಾಂಕ್ ಬೆಂಗಳೂರಿನಲ್ಲೇ ಇರಲಿ. ವಿಜಯಪುರದಲ್ಲಿ ಎರಡು ಮೆಡಿಕಲ್ ಕಾಲೇಜಿವೆ, ಜಿಲ್ಲಾ ಆಸ್ಪತ್ರೆ ಇದೆ, ಶವಾಗಾರ ಇದೆ, ಪೋಸ್ಟ್‌ಮಾರ್ಟಂ ಮಾಡುವ ಡಾಕ್ಟರು ದಿನಾ ತಲೆ ತೆರೆಯುತ್ತಾರೆ. ಅವರಿಗೆ ತರಬೇತಿ ಕೊಡಿ. ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಕೊಡಿ. ರಾತ್ರಿ ಹೊರಡುವ ಒಂದು ಗಾಡಿ ಗೊತ್ತುಮಾಡಿ. ಬೆಂಗಳೂರು 500 ಕಿಲೋಮೀಟರ್ ಮೇಲಿದೆ, ನಿಜ. ಆದರೆ ಸಂಜೆ ನಮ್ಮ ಪಡದಲ್ಲಿ ತುಂಬಿದ ದ್ರಾಕ್ಷಿ ಬೆಳಗಿನೊಳಗೆ ಅಲ್ಲಿಯ ಮಾರ್ಕೆಟ್‌ನಲ್ಲಿ ಇರುತ್ತದೆ.

ಅಪಘಾತದಲ್ಲಿ ಸತ್ತವರಿಗೆ, ತಾವಾಗಿ ಜೀವ ಕಳೆದುಕೊಂಡವರಿಗೆ ಪೋಸ್ಟ್‌ಮಾರ್ಟಂ ಹೇಗೂ ಆಗುತ್ತದೆ. ಆ ಹೊತ್ತಿನಲ್ಲಿ ಮನೆಯವರ ಪಕ್ಕ ಕೂತು, ನೀರು ಕೊಟ್ಟು, ಮೆಲ್ಲಗೆ ಕೇಳುವ ಒಬ್ಬ ಸಮಾಜ ಕಾರ್ಯಕರ್ತೆ ಅಲ್ಲಿರಬೇಕು. ಒತ್ತಾಯ ಬೇಡ. ಇಲ್ಲ ಅಂದರೆ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕು ಇದೆ. ರೋಗಿ ಚೆನ್ನಾಗಿರುವಾಗ ಡಾಕ್ಟರು ಆ ಮಾತು ಎತ್ತುತ್ತಾರಲ್ಲ, ಆಗಲೇ ಈ ವಿಷಯವನ್ನೂ ಒಮ್ಮೆ ಕೇಳಬಹುದು. ನನ್ನ ತಮ್ಮ ಕೇಳದೆಯೇ ಹೇಳಿದ. ಹೇಳಲಾಗದವರು ಎಷ್ಟಿದ್ದಾರೋ. ಆದರೆ ಬರೆದಿಟ್ಟರೆ ಮುಗಿಯಲಿಲ್ಲ, ಸತ್ತವರು ಎದ್ದು ಫೋನ್ ಮಾಡುವುದಿಲ್ಲ, ಮನೆಯವರಿಗೆ ಗೊತ್ತಿರಬೇಕು, ಅವರು ಒಪ್ಪಬೇಕು. ಹಳೇ ಚೀಟಿಗಳನ್ನೂ ಎಸೆಯಬೇಡಿ. ಕಾಯಿಲೆ ಯಾವಾಗ ಶುರುವಾಯಿತು, ಯಾವ ಗುಳಿಗೆ ಎಷ್ಟು ವರ್ಷ ತೆಗೆದುಕೊಂಡರು ಎಂದು ಗೊತ್ತಿದ್ದರೆ ಆ ಮೆದುಳಿನಿಂದ ತಿಳಿಯುವುದು ಎಷ್ಟೋ ಜಾಸ್ತಿ. ತಮ್ಮನ ಚೀಟಿಗಳು ಒಂದು ಸೀರೆ ಅಂಗಡಿಯ ಚೀಲದ ತುಂಬ ಇವೆ. ಇನ್ನೂ ಇಟ್ಟುಕೊಂಡಿದ್ದೇನೆ.

ನಾನು ಮತ್ತು ನಮ್ಮ ಯಜಮಾನರು ಇಬ್ಬರೂ ಬರೆದಿಟ್ಟಿದ್ದೇವೆ. ಬೀರುವಿನಲ್ಲಿ ರೇಷನ್ ಕಾರ್ಡ್ ಜೊತೆ ಇದೆ, ನಿಮ್ಹಾನ್ಸ್ ನಂಬರ್ ಅದರ ಮೇಲೆಯೇ ದೊಡ್ಡದಾಗಿ ಬರೆದಿದ್ದೇನೆ. ಇನ್ನು, ನಾವು ಸತ್ತ ಹತ್ತು ಗಂಟೆಯೊಳಗೆ ಬಂದು ಮೆದುಳು ತೆಗೆದುಕೊಂಡು ಹೋಗುವವರು ನಮ್ಮ ಜಿಲ್ಲೆಯಲ್ಲಿ ಇರಬೇಕು. ಆ ಕೆಲಸ ಸರಕಾರದ್ದು, ಮೆಡಿಕಲ್ ಕಾಲೇಜಿನವರದ್ದು.

ಪತ್ರದ ಕೆಳಗೆ ನನ್ನ ಹೆಸರು ಹಾಕಬೇಡಿ. ಮಗಳಿಗೆ ವರ ನೋಡುತ್ತಿದ್ದೇವೆ. "ಮನಿತನದಾಗ ಹುಚ್ಚು ಐತಂತ" ಎಂದು ಹೋದ ವರ್ಷ ಒಂದು ಸಂಬಂಧ ಬಿಟ್ಟುಹೋಯಿತು. ಹಾಕಿಸು ಅವ್ವಾ, ಏನಾಗುತ್ತೆ ಎಂದು ಮಗಳೇ ಅಂದಳು. ನನಗೇ ಧೈರ್ಯ ಸಾಲಲಿಲ್ಲ. ನಮ್ಮಂಥ ಮನೆಯವರು ಯಾರಾದರೂ ವಿಚಾರಿಸಿದರೆ ನನ್ನ ನಂಬರ್ ಕೊಡಿ, ನಿಮ್ಮ ವರದಿಗಾರರ ಹತ್ತಿರ ಇದೆ. ಅಂಗನವಾಡಿ ಬಿಟ್ಟ ಮೇಲೆ ಯಾವಾಗ ಫೋನ್ ಮಾಡಿದರೂ ಮಾತಾಡುತ್ತೇನೆ.

ಒಬ್ಬ ಅಕ್ಕ
ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ